ಹೊಳೆಯ ಈಚೆ ಮನೆ, ಆಚೆ ದುಡಿಮೆ: ತೆರಿಗೆ ಯಾರಿಗೆ?

(ದಾವಣಗೆರೆಯಲ್ಲಿ ಮಿಲ್ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಂಜೆಯ ಸಭೆಯೊಂದರಲ್ಲಿ ಮಾಡಿದ ಭಾಷಣ. ಮೊದಲಿನ ಉಪಚಾರದ ಮಾತುಗಳನ್ನು ಬಿಟ್ಟಿದೆ.)



ಈ ಹೊತ್ತು ನಾನು ಬೇರೆ ವಿಷಯ ಮಾತನಾಡಬೇಕೆಂದಿದ್ದೆ. ಆದರೆ ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಕಿರಾಣಿ ಅಂಗಡಿಯ ಯಜಮಾನರು ಹೋದ ವಾರ ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಅವರ ಮಗಳು ಅಮೆರಿಕದಲ್ಲಿದ್ದಾಳೆ. ಮನೆ ನ್ಯೂಜೆರ್ಸಿ ರಾಜ್ಯದಲ್ಲಿ, ಕೆಲಸ ಹೊಳೆಯಾಚೆ ನ್ಯೂಯಾರ್ಕಿನಲ್ಲಿ. ಪ್ರತಿ ಭಾನುವಾರ ಫೋನು ಮಾಡುವ ಹುಡುಗಿ ಒಂದು ಭಾನುವಾರ ಮಾಡಲಿಲ್ಲ. ಮರುದಿನ ಕೇಳಿದರೆ, “ಅಪ್ಪಾ, ಎರಡು ರಾಜ್ಯಕ್ಕೂ ತೆರಿಗೆಯ ಲೆಕ್ಕ ಬರೆಯುತ್ತಾ ಕೂತಿದ್ದೆ” ಎಂದಳಂತೆ. ಇವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. “ಮೇಷ್ಟ್ರೇ, ಒಂದು ದುಡಿಮೆಗೆ ಎರಡು ಕಡೆ ಕಪ್ಪವೇ? ಇದೆಂಥ ನ್ಯಾಯ?” ಎಂದರು. ನಾನು ಶಾಲೆ ಬಿಟ್ಟು ವರ್ಷಗಳಾದವು, ಆದರೂ ಊರಿನವರು ಮೇಷ್ಟ್ರೇ ಎನ್ನುವುದನ್ನು ಬಿಟ್ಟಿಲ್ಲ. ಮೇಷ್ಟರಾದ ಮೇಲೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಓದಿ ಹೇಳುತ್ತೇನೆ ಎಂದೆ. ಓದಿದೆ. ಓದಿದ ಮೇಲೆ ಇದು ಅವರೊಬ್ಬರಿಗೆ ಹೇಳಿ ಮುಗಿಸುವ ಮಾತಲ್ಲ ಎನ್ನಿಸಿತು.

ಅಮೆರಿಕದ ಮಾತು ನಮಗೇಕೆ ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದ್ದು ಕೇಳಿಸಿತು. ಅಣ್ಣಾ, ಇಂದು ನಮ್ಮ ಊರಿನ ಯಾವ ಬೀದಿಗೆ ಹೋದರೂ ಮಗನೋ ಸೊಸೆಯೋ ಆ ದೇಶದಲ್ಲಿರುವ ಮನೆ ಒಂದಾದರೂ ಸಿಕ್ಕುತ್ತದೆ. ಅದಿರಲಿ. ಒಬ್ಬ ಮನುಷ್ಯ ಒಂದು ಕಡೆ ಬೆವರು ಸುರಿಸಿ, ಇನ್ನೊಂದು ಕಡೆ ಮಲಗಿ ಏಳುತ್ತಾನೆ. ಅವನ ಸಂಬಳದ ಮೇಲೆ ಹಕ್ಕು ಬೆವರು ಬಿದ್ದ ನೆಲದ ಸರ್ಕಾರದ್ದೋ, ಚಾಪೆ ಹಾಸಿದ ನೆಲದ ಸರ್ಕಾರದ್ದೋ? ದುಡಿಯುವವರ ಮುಂದೆ ಆಡಬೇಕಾದ ಮಾತು ಇದಲ್ಲದೆ ಮತ್ತೇನು?

ನಮಗೆ ಈ ತೊಡಕು ಹೊಸದಾಗಿ ಕಾಣುವುದಕ್ಕೆ ಕಾರಣ ಇದೆ. ನಮ್ಮ ಸಂವಿಧಾನವು ಕೃಷಿಯ ವರಮಾನ ಒಂದನ್ನು ಬಿಟ್ಟು ಉಳಿದ ವರಮಾನದ ಮೇಲಿನ ತೆರಿಗೆಯನ್ನು ಕೇಂದ್ರ ಸರ್ಕಾರಕ್ಕೆ ಮಾತ್ರ ಕೊಟ್ಟಿದೆ. ದಾವಣಗೆರೆಯಲ್ಲಿ ಮನೆ, ಸೊಲ್ಲಾಪುರದಲ್ಲಿ ಕೆಲಸ ಎಂದರೂ ಲೆಕ್ಕ ಒಂದೇ, ಕಾಯಿದೆ ಒಂದೇ, ಕಟ್ಟುವ ಖಜಾನೆ ಒಂದೇ. ಆದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಹರಿಹರದ ಸೇತುವೆಯನ್ನು ನೆನೆಸಿಕೊಳ್ಳಿ. ತುಂಗಭದ್ರೆಯ ಈಚೆ ಮೈಸೂರು ಸಂಸ್ಥಾನ, ಆಚೆ ರಾಣೆಬೆನ್ನೂರಿನ ಕಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ವರಮಾನ ತೆರಿಗೆಯ ಕಾಯಿದೆ ಇತ್ತು. ಹೊಳೆಯಾಚೆ ಬ್ರಿಟಿಷ್ ಇಂಡಿಯಾದ 1922ರ ಕಾಯಿದೆ. ಹತ್ತಿಯ ವ್ಯಾಪಾರಕ್ಕೆ ಸೇತುವೆ ದಾಟಿದವನು ಒಂದು ಕಾಯಿದೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದ. 1950ರಲ್ಲಿ ಸಂಸ್ಥಾನಗಳ ಹಣಕಾಸು ಕೇಂದ್ರದೊಡನೆ ಒಂದಾದ ಮೇಲೆ ಆ ಗೆರೆ ಅಳಿಸಿತು. ಅಮೆರಿಕದಲ್ಲಿ ಅಂಥ ಗೆರೆಗಳು ಇಂದಿಗೂ ಇವೆ.

ಅಲ್ಲಿ ತೆರಿಗೆಯವರು ಮೂರು ಮೆಟ್ಟಿಲಿನಲ್ಲಿ ಕೂತಿದ್ದಾರೆ. ಮೇಲೆ ಕೇಂದ್ರ ಸರ್ಕಾರ. ಅದಕ್ಕೆ ಈಗಿನ ರೀತಿಯಲ್ಲಿ ವರಮಾನ ತೆರಿಗೆ ಹಾಕುವ ಅಧಿಕಾರ ಬಂದದ್ದು 1913ರ ಸಂವಿಧಾನ ತಿದ್ದುಪಡಿಯಿಂದ. ಅದಕ್ಕೂ ಎರಡು ವರ್ಷ ಮೊದಲೇ, 1911ರಲ್ಲಿ, ವಿಸ್ಕಾನ್ಸಿನ್ ಎಂಬ ರಾಜ್ಯ ತನ್ನ ವರಮಾನ ತೆರಿಗೆಯನ್ನು ತಂದಿತ್ತು. ನ್ಯೂಯಾರ್ಕ್ 1919ರಲ್ಲಿ ತಂದಿತು. ನ್ಯೂಜೆರ್ಸಿ ಬಹಳ ತಡಮಾಡಿ 1976ರಲ್ಲಿ ತಂದಿತು. ಇಂದು ಹೆಚ್ಚಿನ ರಾಜ್ಯಗಳಲ್ಲಿ ಅದು ಇದೆ. ಟೆಕ್ಸಾಸ್, ಫ್ಲಾರಿಡಾ, ನ್ಯೂ ಹ್ಯಾಂಪ್‌ಶೈರ್‌ನಂಥ ಕೆಲವು ರಾಜ್ಯಗಳಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆಯೇ ಇಲ್ಲ. ಮೂರನೆಯ ಮೆಟ್ಟಿಲಲ್ಲಿ ಕೆಲವು ನಗರಗಳೂ ಕೈ ಚಾಚಿ ಕೂತಿವೆ. ಫಿಲಡೆಲ್ಫಿಯಾ ನಗರ 1939ರಲ್ಲಿ ಕಾಯಿದೆ ಮಾಡಿ ಕೂಲಿಯ ಮೇಲೆ ತೆರಿಗೆ ಹಾಕಿತು, ಇಂದಿಗೂ ತೆಗೆದಿಲ್ಲ.

ಪ್ರತಿ ರಾಜ್ಯವೂ ಎರಡು ಹಕ್ಕು ಹೇಳುತ್ತದೆ. ನನ್ನಲ್ಲಿ ವಾಸವಾಗಿರುವವನು ಲೋಕದ ಯಾವ ಮೂಲೆಯಲ್ಲಿ ದುಡಿದರೂ ನನಗೆ ಲೆಕ್ಕ ಕೊಡಬೇಕು ಎನ್ನುವುದು ಒಂದು. ಹೊರಗಿನವನು ನನ್ನ ನೆಲದಲ್ಲಿ ದುಡಿದರೆ ಆ ದುಡಿಮೆಯ ಮಟ್ಟಿಗೆ ನನಗೆ ಕೊಡಬೇಕು ಎನ್ನುವುದು ಇನ್ನೊಂದು. ಎರಡು ರಾಜ್ಯಗಳು ಎರಡೂ ಹಕ್ಕನ್ನು ಒಟ್ಟಿಗೆ ಚಲಾಯಿಸಿದರೆ ಒಂದೇ ಸಂಬಳಕ್ಕೆ ಎರಡು ಕೊಕ್ಕೆ.

ಹೊರಗಿನವನ ಮೇಲೆ ತೆರಿಗೆ ಹಾಕಬಹುದೇ ಎಂಬ ವ್ಯಾಜ್ಯ ಅಲ್ಲಿಯ ಸುಪ್ರೀಂ ಕೋರ್ಟಿಗೆ ನೂರು ವರ್ಷಕ್ಕೂ ಹಿಂದೆಯೇ ಹೋಗಿತ್ತು. 1920ರ ಮಾರ್ಚ್ 1ರಂದು ಕೋರ್ಟು ಎರಡು ತೀರ್ಪು ಕೊಟ್ಟಿತು. ಒಕ್ಲಹೋಮಾದಲ್ಲಿ ಎಣ್ಣೆ ಬಾವಿ ಇಟ್ಟುಕೊಂಡು ಇಲಿನಾಯ್‌ನಲ್ಲಿ ವಾಸವಾಗಿದ್ದ ಧಣಿಯೊಬ್ಬ, ನಾನು ಅಲ್ಲಿಯವನಲ್ಲ, ತೆರಿಗೆ ಕೊಡೆ ಎಂದ. ಕೊಡಲೇಬೇಕು ಎಂದಿತು ಕೋರ್ಟು. ವರಮಾನ ಹುಟ್ಟಿದ ನೆಲಕ್ಕೆ ಅದರಲ್ಲಿ ಪಾಲಿದೆ ಎಂಬುದು ಅಂದೇ ಸ್ಥಿರವಾಯಿತು. ಅದೇ ದಿನದ ಎರಡನೆಯ ತೀರ್ಪು ನಮಗೆ ಇನ್ನೂ ಹತ್ತಿರದ್ದು. ಬೀಗ ತಯಾರಿಸುವ ಯೇಲ್ ಅಂಡ್ ಟೌನ್ ಕಂಪನಿಗೆ ನ್ಯೂಯಾರ್ಕಿನಲ್ಲಿ ಕಚೇರಿ ಇತ್ತು. ಅಲ್ಲಿಯ ನೌಕರರಲ್ಲಿ ಕೆಲವರು ಪಕ್ಕದ ಕನೆಕ್ಟಿಕಟ್ ಮತ್ತು ನ್ಯೂಜೆರ್ಸಿಯಿಂದ ಬರುತ್ತಿದ್ದರು. ನ್ಯೂಯಾರ್ಕಿನ ಕಾಯಿದೆಯಲ್ಲಿ ತನ್ನ ವಾಸಿಗಳಿಗೆ ಒಂಟಿಯಾದರೆ ಮೊದಲ ಸಾವಿರ ಡಾಲರಿಗೆ, ಸಂಸಾರಸ್ಥರಾದರೆ ಎರಡು ಸಾವಿರಕ್ಕೆ ತೆರಿಗೆ ಮಾಫಿ ಇತ್ತು. ಹೊರಗಿನಿಂದ ಬರುವವರಿಗೆ ಆ ಮಾಫಿ ಇಲ್ಲ. ಪಕ್ಕಪಕ್ಕದ ಮೇಜಿನಲ್ಲಿ ಕೂತು ಅದೇ ಕೆಲಸ ಮಾಡುವ ಇಬ್ಬರು ಗುಮಾಸ್ತರಲ್ಲಿ ಒಬ್ಬನಿಗೆ ಮಾಫಿ, ಇನ್ನೊಬ್ಬನಿಗೆ ಮೊದಲ ಡಾಲರಿನಿಂದಲೇ ತೆರಿಗೆ! ಇದು ಸಲ್ಲದು ಎಂದು ಕೋರ್ಟು ಆ ಭೇದವನ್ನು ಹೊಡೆದುಹಾಕಿತು. ತೆರಿಗೆ ಹಾಕು, ಆದರೆ ನಿನ್ನವರಿಗೊಂದು ತಕ್ಕಡಿ ಹೊರಗಿನವರಿಗೊಂದು ತಕ್ಕಡಿ ಬೇಡ ಎಂಬುದು ಅದರ ಸಾರ.

ಈಗ ನಮ್ಮ ಅಂಗಡಿಯವರ ಮಗಳ ಲೆಕ್ಕಕ್ಕೆ ಬರೋಣ. ವರ್ತಕರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಇದು ಬರಿಯ ಜಮಾ ವಜಾ.

ವರ್ಷ ಮುಗಿದ ಮೇಲೆ ಜನವರಿ ಕಡೆಯೊಳಗೆ ಮಾಲೀಕ ಆಕೆಗೆ ಒಂದು ಚೀಟಿ ಕೊಡುತ್ತಾನೆ. ಡಬ್ಲ್ಯೂ-2 ಎಂದು ಅದರ ಹೆಸರು. ವರ್ಷದ ಸಂಬಳ ಎಷ್ಟು, ಕೇಂದ್ರಕ್ಕೆ ಎಷ್ಟು ಮುರಿದುಕೊಂಡದ್ದು, ಯಾವ ರಾಜ್ಯಕ್ಕೆ ಎಷ್ಟು ಮುರಿದುಕೊಂಡದ್ದು ಎಲ್ಲವೂ ಅದರಲ್ಲಿರುತ್ತದೆ. ಏಪ್ರಿಲ್ 15ರೊಳಗೆ ಆಕೆ ಮೂರು ಲೆಕ್ಕ ಕೊಡಬೇಕು. ಒಂದು ಕೇಂದ್ರಕ್ಕೆ. ಎರಡನೆಯದು ನ್ಯೂಯಾರ್ಕಿಗೆ, ಹೊರಗಿನ ವಾಸಿಯ ಫಾರಂನಲ್ಲಿ. ಮೂರನೆಯದು ತನ್ನ ಮನೆಯಿರುವ ನ್ಯೂಜೆರ್ಸಿಗೆ, ವಾಸಿಯ ಫಾರಂನಲ್ಲಿ. ಬರೆಯುವ ಕ್ರಮವೂ ಇದೇ ಆಗಬೇಕು. ಕೆಲಸದ ರಾಜ್ಯದ್ದು ಮೊದಲು, ಮನೆಯ ರಾಜ್ಯದ್ದು ಆಮೇಲೆ. ಏಕೆಂದರೆ ಅಲ್ಲಿ ತೆತ್ತದ್ದು ಎಷ್ಟು ಎಂದು ಗೊತ್ತಾಗದೆ ಇಲ್ಲಿ ವಜಾ ಹಿಡಿಯುವುದು ಸಾಧ್ಯವಿಲ್ಲ.

ವಜಾ ಎಂದೆನಲ್ಲ, ಗುಟ್ಟು ಇರುವುದೇ ಅಲ್ಲಿ. ಲೆಕ್ಕ ತಿಳಿಯಲೆಂದು ಒಂದು ಅಂಕಿ ಹೇಳುತ್ತೇನೆ, ನಿಜವಾದ ದರ ಎಂದು ಹಿಡಿಯಬೇಡಿ. ಆ ಸಂಬಳಕ್ಕೆ ನ್ಯೂಯಾರ್ಕಿನ ತೆರಿಗೆ 4,000 ಡಾಲರು, ಅದೇ ಸಂಬಳಕ್ಕೆ ನ್ಯೂಜೆರ್ಸಿಯ ದರದಲ್ಲಿ 2,500 ಡಾಲರು ಎನ್ನಿ. ಆಕೆ ನ್ಯೂಯಾರ್ಕಿಗೆ 4,000 ತೆರುತ್ತಾಳೆ. ನ್ಯೂಜೆರ್ಸಿ ತನ್ನ 2,500ನ್ನು ಪೂರಾ ವಜಾ ಮಾಡಿ ಸೊನ್ನೆ ಬರೆಯುತ್ತದೆ. ಹೆಚ್ಚಾದ 1,500ನ್ನು ವಾಪಸು ಕೊಡುತ್ತದೆಯೇ? ಇಲ್ಲ. ತನ್ನ ತೆರಿಗೆಯ ಮಟ್ಟಿಗೆ ಮಾತ್ರ ವಜಾ. ತಿರುಗುಮುರುಗಾಗಿ, ಕೆಲಸದ ರಾಜ್ಯದಲ್ಲಿ 1,000, ಮನೆಯ ರಾಜ್ಯದಲ್ಲಿ 2,500 ಎಂದಾದರೆ ಅಲ್ಲಿ 1,000 ಕೊಟ್ಟು ಇಲ್ಲಿ ಉಳಿದ 1,500 ಕಟ್ಟಬೇಕು. ಹೇಗೆ ನೋಡಿದರೂ ಎರಡರಲ್ಲಿ ದೊಡ್ಡದು ಯಾವುದೋ ಅಷ್ಟು ತೆತ್ತಂತೆ. ಎರಡೂ ಸೇರಿಸಿ ಅಲ್ಲ. ಆದ್ದರಿಂದ ಯಜಮಾನರೇ, ನಿಮ್ಮ ಮಗಳು ಎರಡು ಕಪ್ಪ ಕೊಡುತ್ತಿಲ್ಲ. ಎರಡು ಕಾಗದ ಬರೆಯುತ್ತಿದ್ದಾಳೆ, ದೊಡ್ಡ ಕಪ್ಪ ಒಂದನ್ನು ಕೊಡುತ್ತಿದ್ದಾಳೆ. ಇಂದು ರಾತ್ರಿ ಮಲಗಿರಿ.

ಒಂದು ಎಚ್ಚರಿಕೆ ಮಾತ್ರ ಹೇಳಿಬಿಡಿ. ಹೇಗೂ ಸೊನ್ನೆಯಲ್ಲವೇ ಎಂದು ಮನೆಯ ರಾಜ್ಯದ ಲೆಕ್ಕವನ್ನು ಕೊಡದೆ ಬಿಡಬಾರದು. ವಜಾ ಎನ್ನುವುದು ಕೇಳಿ ಪಡೆಯುವ ವಸ್ತು. ಕೇಳದವನಿಗೆ ತಾನಾಗಿ ಬರುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ನ್ಯೂಯಾರ್ಕು ಆಕೆಯ ದರ ಗೊತ್ತುಮಾಡುವಾಗ ತನ್ನ ನೆಲದಲ್ಲಿ ಹುಟ್ಟಿದ ಸಂಬಳವನ್ನಷ್ಟೇ ನೋಡುವುದಿಲ್ಲ. ಎಲ್ಲ ವರಮಾನವನ್ನೂ ಕೂಡಿಸಿ ತೆರಿಗೆ ಲೆಕ್ಕಹಾಕಿ, ಆಮೇಲೆ ತನ್ನ ಪಾಲಿನ ಪ್ರಮಾಣವನ್ನು ತೆಗೆಯುತ್ತದೆ. ದೊಡ್ಡ ವರಮಾನಕ್ಕೆ ದೊಡ್ಡ ದರ ಇರುವ ಊರಿನಲ್ಲಿ ಇದರಿಂದ ಏನಾಗುತ್ತದೆ ಎಂದು ನೀವೇ ಊಹಿಸಿ. ಗಂಡ ಹೆಂಡಿರು ಕೂಡಿ ಲೆಕ್ಕ ಕೊಟ್ಟರೆ, ಆ ರಾಜ್ಯದಲ್ಲಿ ಕಾಲೇ ಇಡದ ಗಂಡನ ಸಂಬಳವೂ ಹೆಂಡತಿಯ ದರವನ್ನು ಏರಿಸೀತು. ತೆರಿಗೆ ಅವನ ಸಂಬಳದ ಮೇಲಲ್ಲ ಎನ್ನುತ್ತಾರೆ. ಇಲ್ಲವೆಂದು ಒಪ್ಪೋಣ. ಆದರೆ ಅವನ ನೆರಳು ಬಿದ್ದದ್ದಂತೂ ನಿಜ.

ಎರಡು ಕಾಗದದ ಕಾಟವೇ ಬೇಡ ಎಂದು ಕೆಲವು ನೆರೆ ರಾಜ್ಯಗಳು ಕೈ ಕುಲುಕಿಕೊಂಡಿವೆ. ನಿನ್ನವರು ನನ್ನಲ್ಲಿ ದುಡಿದರೆ ನಾನು ಮುಟ್ಟುವುದಿಲ್ಲ, ನನ್ನವರು ನಿನ್ನಲ್ಲಿ ದುಡಿದರೆ ನೀನು ಮುಟ್ಟಬೇಡ, ಅವರವರ ಮನೆಯ ರಾಜ್ಯಕ್ಕೆ ಕೊಟ್ಟರೆ ಸಾಕು. ಪೆನ್ಸಿಲ್ವೇನಿಯಾಕ್ಕೂ ನ್ಯೂಜೆರ್ಸಿಗೂ 1977ರಿಂದ ಇಂಥ ಒಪ್ಪಂದ ಇದೆ. ದುಡಿಯುವವನು ಮಾಲೀಕನಿಗೆ ಒಂದು ಫಾರಂ ಬರೆದುಕೊಟ್ಟರೆ ಕೆಲಸದ ರಾಜ್ಯದ ತೆರಿಗೆ ಮುರಿಯುವುದಿಲ್ಲ. ಕೊಡಲು ಮರೆತು ಮುರಿದುಹೋಯಿತೋ, ಆಗ ಆ ರಾಜ್ಯಕ್ಕೆ ಲೆಕ್ಕ ಬರೆದು ವಾಪಸು ಕೇಳಿಕೊಳ್ಳಬೇಕು. ಆದರೆ ಒಪ್ಪಂದ ರಾಜ್ಯ ರಾಜ್ಯಗಳ ನಡುವಿನದು. ಫಿಲಡೆಲ್ಫಿಯಾ ನಗರದ ಕೂಲಿ ತೆರಿಗೆಗೆ ಅದು ಅನ್ವಯಿಸದು. ನ್ಯೂಜೆರ್ಸಿಯಿಂದ ದಿನಾ ಆ ನಗರಕ್ಕೆ ಹೋಗುವವನು ಅದನ್ನು ತೆತ್ತು, ಮನೆಯ ರಾಜ್ಯದಲ್ಲಿ ವಜಾ ಹಿಡಿಯಬೇಕು.

ಇಂಥ ಒಪ್ಪಂದಗಳು ದುಡಿಯುವವನ ಅನುಕೂಲಕ್ಕೆ ಎಂದು ಹೇಳುತ್ತಾರೆ. ಮುರಿಯುವಾಗ ಮಾತ್ರ ಅವನನ್ನು ಯಾರೂ ಕೇಳುವುದಿಲ್ಲ. ಮಿನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳು 1968ರಿಂದ ಕೈ ಕುಲುಕಿಕೊಂಡಿದ್ದವು. ವಿಸ್ಕಾನ್ಸಿನ್‌ನಿಂದ ಮಿನೆಸೋಟಕ್ಕೆ ದುಡಿಯಲು ಹೋಗುವವರೇ ಹೆಚ್ಚು, ಅತ್ತಲಿಂದ ಇತ್ತ ಬರುವವರು ಕಡಿಮೆ. ಆದ್ದರಿಂದ ಮಿನೆಸೋಟಕ್ಕೆ ಆಗುವ ನಷ್ಟವನ್ನು ವಿಸ್ಕಾನ್ಸಿನ್ ತುಂಬಿಕೊಡಬೇಕಾಗಿತ್ತು. ಆ ಹಣ ತಡವಾಗಿ ಬರುತ್ತದೆ ಎಂದು ಜಗಳ ಹುಟ್ಟಿ, 2010ರ ಮೊದಲ ದಿನದಿಂದ ಒಪ್ಪಂದ ರದ್ದಾಯಿತು. ಹೊಸ ವರ್ಷದ ಬೆಳಗ್ಗೆ ಗಡಿಯ ಎರಡೂ ಕಡೆಯ ದುಡಿಯುವವರಿಗೆ ಎರಡೆರಡು ಲೆಕ್ಕ ಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ನ್ಯೂಜೆರ್ಸಿಯ ಗವರ್ನರೂ 2016ರ ಸೆಪ್ಟೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಒಪ್ಪಂದ ರದ್ದು ಎಂದು ಸಾರಿ, ನವೆಂಬರಿನಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಆ ಎರಡು ತಿಂಗಳು ಜನ ಹೇಗೆ ಲೆಕ್ಕ ಹಾಕಿಕೊಂಡಿರಬೇಡ!

ಇಲ್ಲಿಯವರೆಗೆ ಹೇಳಿದ್ದು ಲೆಕ್ಕದ ಮಾತು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಲೆಕ್ಕವಲ್ಲ, ಒಂದು ಹೊಳೆ ಮತ್ತು ಅದರಲ್ಲಿರುವ ಒಂದು ಕಾರ್ಖಾನೆ.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಮತ್ತು ನ್ಯೂ ಹ್ಯಾಂಪ್‌ಶೈರ್ ಎಂಬ ಎರಡು ರಾಜ್ಯಗಳು. ನಡುವೆ ಪಿಸ್ಕಾಟಕ್ವ ಎಂಬ ಹೊಳೆ ಹರಿದು ಸಮುದ್ರ ಸೇರುತ್ತದೆ. ಹೊಳೆಯ ಬಾಯಲ್ಲಿ ಒಂದು ದ್ವೀಪ. ಅದರ ಮೇಲೆ 1800ರಲ್ಲಿ ಸ್ಥಾಪಿಸಿದ ಸರ್ಕಾರಿ ನೌಕಾ ಕಾರ್ಖಾನೆ. ಈಗ ಅಲ್ಲಿ ಮುಖ್ಯವಾಗಿ ಜಲಾಂತರ್ಗಾಮಿ ಹಡಗುಗಳ ರಿಪೇರಿ. ಕಾರ್ಖಾನೆಯ ಹೆಸರು ಪೋರ್ಟ್ಸ್‌ಮತ್ ಎಂದು. ಪೋರ್ಟ್ಸ್‌ಮತ್ ಊರು ಇರುವುದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಕಾರ್ಖಾನೆ ನಿಂತ ನೆಲ ಮಾತ್ರ ಮೇನ್ ರಾಜ್ಯದ ಕಿಟರಿ ಎಂಬ ಊರಿಗೆ ಸೇರಿದ್ದು.

ಮೇನ್‌ನಲ್ಲಿ ವರಮಾನ ತೆರಿಗೆ ಇದೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸಂಬಳದ ಮೇಲೆ ತೆರಿಗೆ ಇಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಬೆಸುಗೆಯವನು, ಫಿಟ್ಟರ್ ಬೆಳಿಗ್ಗೆ ಸೇತುವೆ ದಾಟಿ ಬಂದು, ದುಡಿದು, ಮೇನ್‌ಗೆ ತೆರಿಗೆ ತೆತ್ತು ಸಂಜೆ ವಾಪಸು ಹೋಗುತ್ತಾನೆ. ಈಗ ನಾನು ಆಗಲೇ ಹೇಳಿದ ವಜಾವನ್ನು ನೆನೆಸಿಕೊಳ್ಳಿ. ಮನೆಯ ರಾಜ್ಯದಲ್ಲಿ ತೆರಿಗೆಯೇ ಇಲ್ಲದವನು ಯಾವುದರಲ್ಲಿ ವಜಾ ಹಿಡಿಯಬೇಕು? ಅವನಿಗೆ ತೆತ್ತದ್ದು ತೆತ್ತದ್ದೇ. ನೆರೆಮನೆಯವನು ಅದೇ ಕೆಲಸವನ್ನು ಸ್ವಂತ ಊರಿನಲ್ಲಿ ಮಾಡಿ ಕಾಸೂ ಕೊಡುವುದಿಲ್ಲ. ಮೇನ್ ವಿಧಾನಸಭೆಗೆ ಇವನು ಓಟು ಹಾಕುವ ಹಾಗಿಲ್ಲ. ಇವನ ಮಕ್ಕಳು ಓದುವುದು ಹೊಳೆಯಾಚೆಯ ಶಾಲೆಯಲ್ಲಿ. ಮೇನ್ ರಾಜ್ಯದ ದರವನ್ನು ಏರಿಸುವವರು ಇವನ ಮನೆಯ ಬಾಗಿಲಿಗೆ ಕೈ ಮುಗಿದು ಬರುವುದಿಲ್ಲ, ಏಕೆಂದರೆ ಇವನಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ.

ಇದಕ್ಕೆ ಮೊದಲು ಇದೇ ಹೊಳೆಯಲ್ಲಿ ಪ್ರವಾಹ ಉಲ್ಟಾ ದಿಕ್ಕಿನಲ್ಲಿ ಹರಿದಿತ್ತು. 1970ರಲ್ಲಿ ನ್ಯೂ ಹ್ಯಾಂಪ್‌ಶೈರ್ ಒಂದು ಜಾಣತನದ ಕಾಯಿದೆ ಮಾಡಿತು. ಹೊರಗಿನಿಂದ ಬಂದು ತನ್ನಲ್ಲಿ ದುಡಿಯುವವರ ವರಮಾನದ ಮೇಲೆ ನೂರಕ್ಕೆ ನಾಲ್ಕರವರೆಗೆ ತೆರಿಗೆ. ತನ್ನ ವಾಸಿಗಳ ಹೆಸರೂ ಕಾಯಿದೆಯಲ್ಲಿತ್ತು, ಆದರೆ ವಿನಾಯಿತಿಗಳನ್ನು ಹೇಗೆ ಹೆಣೆದಿದ್ದರು ಎಂದರೆ ಕೊನೆಗೆ ತೆರುವವರು ಹೊರಗಿನವರು ಮಾತ್ರ. ಮೇನ್‌ನಿಂದ ಬರುತ್ತಿದ್ದ ದುಡಿಮೆಗಾರರು ವ್ಯಾಜ್ಯ ಹೂಡಿದರು. ಸರ್ಕಾರದ ವಾದ ಕೇಳಿ: ಇವರಿಗೆ ನಷ್ಟವೇನು, ಇಲ್ಲಿ ಕೊಟ್ಟದ್ದನ್ನು ಮೇನ್ ವಜಾ ಮಾಡಿಕೊಡುತ್ತದೆಯಲ್ಲ! ಎಂದರೆ ನನ್ನ ಖಜಾನೆ ತುಂಬಲಿ, ನೆರೆಯವನ ಖಜಾನೆ ಬರಿದಾಗಲಿ ಎಂದರ್ಥ. 1975ರಲ್ಲಿ ಸುಪ್ರೀಂ ಕೋರ್ಟು ಆ ತೆರಿಗೆಯನ್ನು ರದ್ದುಮಾಡಿತು. ತೀರ್ಪು ಬರೆದವರು ತರ್ಗುಡ್ ಮಾರ್ಷಲ್, ಆ ಕೋರ್ಟಿನ ಮೊದಲ ನೀಗ್ರೋ ಮೂಲದ, ಈಗಿನ ಮಾತಿನಲ್ಲಿ ಕಪ್ಪು ಜನಾಂಗದ, ನ್ಯಾಯಮೂರ್ತಿ. ನೆರೆ ರಾಜ್ಯ ವಜಾ ಕೊಡುತ್ತದೆ ಎನ್ನುವುದು ನಿನ್ನ ಭೇದಭಾವಕ್ಕೆ ಸಮರ್ಥನೆಯಾಗದು ಎಂಬುದು ಆ ತೀರ್ಪಿನ ತಾತ್ಪರ್ಯ.

ಹೊರಗಿನವರಿಂದ ಕಸಿಯುವ ದಾರಿ ಮುಚ್ಚಿದ ಮೇಲೆ ನ್ಯೂ ಹ್ಯಾಂಪ್‌ಶೈರ್ ತನ್ನವರನ್ನು ಉಳಿಸುವ ದಾರಿ ಹುಡುಕಿತು. 2000ದಲ್ಲಿ ಅದು ಸುಪ್ರೀಂ ಕೋರ್ಟಿಗೆ ಹೋಗಿ, ಹೊಳೆ ಪೂರಾ ನಮ್ಮದು, ಗಡಿ ಇರುವುದು ಮೇನ್‌ನ ದಡದಲ್ಲಿ, ಆದ್ದರಿಂದ ದ್ವೀಪವೂ ಕಾರ್ಖಾನೆಯೂ ನಮ್ಮವು ಎಂದಿತು. ಕಾರ್ಖಾನೆ ನಮ್ಮದಾದರೆ ಕೆಲಸಗಾರರು ಮೇನ್‌ಗೆ ಕಾಸು ಕೊಡಬೇಕಾಗಿಲ್ಲ. ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ 1740ರಲ್ಲಿ ಹೊರಡಿಸಿದ ಆಜ್ಞೆಯನ್ನು ಹೊರಗೆ ತೆಗೆದರು. ಗಡಿ ಹೊಳೆಯ ಮಧ್ಯದಲ್ಲಿ ಎಂದು ಅದರಲ್ಲಿತ್ತು. ಮಧ್ಯ ಎಂದರೆ ಯಾವುದು? ತಮಾಷೆ ಇರುವುದು ಇಲ್ಲೇ. 1970ರ ದಶಕದಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ಬೆಸ್ತರ ವಿಷಯಕ್ಕೆ ಇವೇ ಎರಡು ರಾಜ್ಯಗಳು ಕಾದಾಡಿದ್ದವು. ಆಗ ನ್ಯೂ ಹ್ಯಾಂಪ್‌ಶೈರ್ ತಾನೇ, ಮಧ್ಯ ಎಂದರೆ ಹಡಗು ಓಡಾಡುವ ಮುಖ್ಯ ಕಾಲುವೆಯ ಮಧ್ಯ ಎಂದು ಒಪ್ಪಿ, 1977ರಲ್ಲಿ ರಾಜಿ ಡಿಕ್ರಿಯನ್ನೂ ಪಡೆದಿತ್ತು. 2001ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರ್ಪು ಬರೆದರು: ಅಂದು ಒಂದು ಮಾತು ಹೇಳಿ ಲಾಭ ಪಡೆದವರು ಇಂದು ಕೋರ್ಟಿನಲ್ಲಿ ಅದಕ್ಕೆ ವಿರುದ್ಧವಾದ ಮಾತು ಹೇಳಲಾಗದು. ದಾವೆ ವಜಾ. ನೋಡಿ, ಕೆಲಸಗಾರನಿಗೆ ಬೇಕಾದ ವಜಾ ಸಿಗಲಿಲ್ಲ, ಸಿಕ್ಕ ವಜಾ ಇದೊಂದೇ. ಆ ಕೋರ್ಟಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನವರೇ ಆದ ಒಬ್ಬ ನ್ಯಾಯಮೂರ್ತಿ ಇದ್ದರು. ಅವರು ಆ ವಿಚಾರಣೆಯಲ್ಲಿ ಕೂರಲಿಲ್ಲ.

ಸಿಗಡಿಗಾಗಿ ಎಳೆದ ಗೆರೆ ಇಪ್ಪತ್ತನಾಲ್ಕು ವರ್ಷದ ಮೇಲೆ ಬೆಸುಗೆಯವನ ಸಂಬಳದ ಚೀಲವನ್ನು ಕೊಯ್ಯಿತು.

ಹಾಗಾದರೆ ಕೆಲಸದ ರಾಜ್ಯಕ್ಕೆ ತೆರಿಗೆ ಕೊಡುವುದೇ ಅನ್ಯಾಯವೇ? ನಾನು ಹಾಗೆ ಹೇಳಲಾರೆ. ಕಾರ್ಖಾನೆಗೆ ಹೋಗುವ ರಸ್ತೆ, ಬೆಂಕಿ ಬಿದ್ದರೆ ಓಡಿ ಬರುವ ಗಾಡಿ, ಪೋಲೀಸು, ದೀಪ, ನೀರು ಇವೆಲ್ಲ ಆ ನೆಲದವರದು. ಹಗಲೆಲ್ಲ ಬಳಸಿ ಸಂಜೆ ಕೈ ಕೊಡವಿ ಹೋಗುವುದು ಸರಿಯಲ್ಲ. ನ್ಯೂಯಾರ್ಕ್ ನಗರವೂ 1966ರಿಂದ ಹೊರಗಿನಿಂದ ದಿನಾ ಬಂದು ದುಡಿಯುವವರ ಮೇಲೆ ಒಂದು ಸಣ್ಣ ತೆರಿಗೆ ಹಾಕುತ್ತಿತ್ತು. 1999ರಲ್ಲಿ ರಾಜ್ಯದ ಶಾಸನಸಭೆ ಅದನ್ನು ತೆಗೆಯಿತು. ಯಾರಿಗೆ? ನ್ಯೂಯಾರ್ಕ್ ರಾಜ್ಯದ ಉಪನಗರಗಳಿಂದ ಬರುವವರಿಗೆ, ಎಂದರೆ ಓಟುಳ್ಳವರಿಗೆ. ಓಟಿಲ್ಲದ ನ್ಯೂಜೆರ್ಸಿ, ಕನೆಕ್ಟಿಕಟ್‌ನವರು ಕೊಡುತ್ತಲೇ ಇರಲಿ ಎಂಬುದು ಅವರ ಎಣಿಕೆ. ಮರುವರ್ಷ ಅಲ್ಲಿಯ ಉಚ್ಚ ನ್ಯಾಯಾಲಯ ಹಾಗೆ ಮಾಡುವಂತಿಲ್ಲ ಎಂದಿತು, ಎಲ್ಲರಿಗೂ ಹೋಯಿತು. ತೆರಿಗೆ ಸರಿಯೋ ತಪ್ಪೋ, ಓಟುಳ್ಳವನ ಹೆಗಲಿನಿಂದ ಇಳಿಸಿ ಓಟಿಲ್ಲದವನ ಹೆಗಲ ಮೇಲೆ ಬಿಟ್ಟ ಈ ಬುದ್ಧಿಯನ್ನು ಗಮನಿಸಿ. ರಾಜಧಾನಿ ವಾಷಿಂಗ್ಟನ್ನಿನ ಕಥೆ ಇದಕ್ಕೆ ಪೂರಾ ವಿರುದ್ಧ. ಅಲ್ಲಿ ದಿನಾ ಪಕ್ಕದ ಮೇರಿಲ್ಯಾಂಡ್, ವರ್ಜೀನಿಯಾಗಳಿಂದ ಜನ ಬಂದು ದುಡಿಯುತ್ತಾರೆ. ಅವರ ಸಂಬಳವನ್ನು ನಗರ ಮುಟ್ಟಕೂಡದು ಎಂದು 1973ರ ಕೇಂದ್ರ ಕಾಯಿದೆಯೇ ಕೈ ಕಟ್ಟಿದೆ.

ಮನೆಯಲ್ಲಿ ಕೂತೇ ಕೆಲಸ ಮಾಡುವ ಪದ್ಧತಿ ಬಂದ ಮೇಲೆ ಬೆವರು ಬಿದ್ದ ನೆಲ ಯಾವುದು ಎಂಬುದೇ ಕಗ್ಗಂಟಾಯಿತು. ನ್ಯೂಯಾರ್ಕಿನ ನಿಯಮ ಕಠಿಣವಾದದ್ದು. ಮಾಲೀಕನ ಅಗತ್ಯಕ್ಕಲ್ಲದೆ ನಿನ್ನ ಅನುಕೂಲಕ್ಕೆ ಮನೆಯಲ್ಲಿ ಕೂತರೆ, ಆ ದಿನವೂ ನೀನು ನಮ್ಮಲ್ಲೇ ದುಡಿದಂತೆ ಎನ್ನುತ್ತದೆ. ಕನೆಕ್ಟಿಕಟ್‌ನಲ್ಲಿ ಮನೆಯಿದ್ದ ಒಬ್ಬ ಕಾನೂನು ಪ್ರಾಧ್ಯಾಪಕರು ವಾರದಲ್ಲಿ ಕೆಲವು ದಿನ ನ್ಯೂಯಾರ್ಕಿನಲ್ಲಿ ಪಾಠ ಹೇಳಿ, ಉಳಿದ ದಿನ ಮನೆಯಲ್ಲಿ ಓದು ಬರಹ ಮಾಡುತ್ತಿದ್ದರು. ಪೂರಾ ಸಂಬಳದ ಮೇಲೆ ನ್ಯೂಯಾರ್ಕ್ ತೆರಿಗೆ ಕೇಳಿತು. ಮನೆಯಲ್ಲಿ ಕೂತ ದಿನಗಳ ದುಡಿಮೆ ನಮ್ಮದು ಎಂದು ಕನೆಕ್ಟಿಕಟ್ ಅಷ್ಟಕ್ಕೆ ವಜಾ ಕೊಡಲಿಲ್ಲ. ಕಾನೂನು ಕಲಿಸುವವರೇ 2003ರಲ್ಲಿ ನ್ಯೂಯಾರ್ಕಿನ ಕೋರ್ಟಿನಲ್ಲಿ ಸೋತರು. ಆ ದಿನಗಳ ಮಟ್ಟಿಗೆ ನಮ್ಮ ಯಜಮಾನರ ಎರಡು ಕಪ್ಪದ ಭಯ ನಿಜವಾಯಿತು. ಆಮೇಲೆ 2020ರ ಕೊರೋನಾ. ನ್ಯೂ ಹ್ಯಾಂಪ್‌ಶೈರ್‌ನ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಕೂತವರಿಂದ ಮಸಾಚುಸೆಟ್ಸ್ ರಾಜ್ಯ, ಹಿಂದೆ ನಮ್ಮಲ್ಲಿ ದುಡಿಯುತ್ತಿದ್ದಿರಿ ಎಂದು ತೆರಿಗೆ ಹಿಡಿಯಿತು. ನ್ಯೂ ಹ್ಯಾಂಪ್‌ಶೈರ್ ಮತ್ತೆ ಸುಪ್ರೀಂ ಕೋರ್ಟಿಗೆ ಓಡಿತು. 2021ರ ಜೂನಿನಲ್ಲಿ ಕೋರ್ಟು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಆ ತಾತ್ಕಾಲಿಕ ನಿಯಮ ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೊನೆಗೊಂಡಿತು. 2023ರಲ್ಲಿ ನ್ಯೂಜೆರ್ಸಿ, ನ್ಯೂಯಾರ್ಕಿನಂಥ ನಿಯಮ ಇಟ್ಟುಕೊಂಡಿರುವ ರಾಜ್ಯಗಳವರಿಗೆ ತಾನೂ ಅದೇ ನಿಯಮ ಅನ್ವಯಿಸುತ್ತೇನೆ ಎಂದು ಕಾಯಿದೆ ಮಾಡಿತು. ಹೊಡೆತಕ್ಕೆ ಹೊಡೆತ. ಪೆಟ್ಟು ಬೀಳುವುದು ಸರ್ಕಾರಗಳ ಬೆನ್ನಿಗಲ್ಲ.

ಇದನ್ನು ಸರಿಪಡಿಸಲು ಬರುವುದೇ ಇಲ್ಲ ಎಂದುಕೊಳ್ಳಬೇಡಿ. ರೈಲು ಓಡಿಸುವವನು, ಲಾರಿ ಓಡಿಸುವವನು ಒಂದೇ ದಿನ ನಾಲ್ಕು ರಾಜ್ಯ ದಾಟುತ್ತಾನೆ. ಅವನು ನಾಲ್ಕು ಲೆಕ್ಕ ಬರೆಯಬೇಕೇ? 1990ರಲ್ಲಿ ಅಲ್ಲಿಯ ಪಾರ್ಲಿಮೆಂಟು ಕಾಯಿದೆ ಮಾಡಿ, ಹೀಗೆ ಹಲವು ರಾಜ್ಯಗಳಲ್ಲಿ ಓಡಾಡಿ ದುಡಿಯುವ ರೈಲು ಮತ್ತು ಲಾರಿ ನೌಕರರ ಸಂಬಳಕ್ಕೆ ಮನೆಯ ರಾಜ್ಯ ಒಂದೇ ತೆರಿಗೆ ಹಾಕಬಹುದು ಎಂದಿತು. 1996ರ ಜನವರಿಯಲ್ಲಿ ಇನ್ನೊಂದು ಕಾಯಿದೆ ಬಂತು: ಒಂದು ರಾಜ್ಯದಲ್ಲಿ ದುಡಿದು ನಿವೃತ್ತನಾಗಿ ಇನ್ನೊಂದಕ್ಕೆ ಹೋಗಿ ನೆಲೆಸಿದವನ ಪಿಂಚಣಿಯನ್ನು ಹಳೆಯ ರಾಜ್ಯ ಬೆನ್ನಟ್ಟಬಾರದು. ರೈಲಿನವನಿಗೆ ಸಾಧ್ಯವಾದದ್ದು ಸೇತುವೆ ದಾಟುವ ಬೆಸುಗೆಯವನಿಗೆ ಏಕೆ ಆಗಬಾರದು? ಕಾಗದದ ಕಾಟವಾದರೂ ತಪ್ಪಬಹುದಿತ್ತು. ಎರಡು ರಾಜ್ಯಗಳ ಕಚೇರಿಗಳೇ ತಮ್ಮೊಳಗೆ ಲೆಕ್ಕ ಮಾಡಿಕೊಂಡು ಹಂಚಿಕೊಳ್ಳಲು ಕಷ್ಟವೇನು? ಇದು ನನ್ನ ಸ್ವಂತ ಅಭಿಪ್ರಾಯ. ಮಿನೆಸೋಟದ ಗತಿ ನೋಡಿದರೆ ಸುಲಭ ಎಂದೂ ಹೇಳಲಾರೆ.

ಇಷ್ಟು ಹೇಳಿ ಕೂತುಕೊಳ್ಳೋಣ ಎಂದಿದ್ದೆ. ಅಲ್ಲಿ ಕಂಬದ ಹತ್ತಿರ ನಿಂತಿರುವ ತಮ್ಮ ಕೈ ಎತ್ತಿದ್ದಾನೆ. ತಮಿಳುನಾಡಿನ ಹೊಸೂರಿನಲ್ಲಿ ಬಾಡಿಗೆ ಮನೆ, ಬೆಂಗಳೂರಿನಲ್ಲಿ ಕೆಲಸ, ನನ್ನ ಗತಿ ಏನು ಎನ್ನುತ್ತಾನೆ. ನಿನ್ನ ವರಮಾನ ತೆರಿಗೆಗೆ ಹೊಸೂರೂ ಒಂದೇ, ಬೆಂಗಳೂರೂ ಒಂದೇ ತಮ್ಮಾ. ಕೇಂದ್ರಕ್ಕೆ ಒಂದೇ ಲೆಕ್ಕ. ಆದರೆ ನಮ್ಮಲ್ಲೂ ರಾಜ್ಯದವರ ಕೈಗೆ ಒಂದು ಸಣ್ಣ ಚಮಚ ಕೊಟ್ಟಿದ್ದಾರೆ, ವೃತ್ತಿ ತೆರಿಗೆ ಎಂದು. ಕರ್ನಾಟಕದಲ್ಲಿ ಅದರ ಕಾಯಿದೆ 1976ರದು. ಅದು ಹೋಗುವುದು ಕೆಲಸ ಮಾಡುವ ಕಡೆಗೆ. ನಿನ್ನ ಸಂಬಳ ಆ ಮಟ್ಟ ಮುಟ್ಟಿದ್ದರೆ ಬೆಂಗಳೂರಿನ ಮಾಲೀಕ ಮುರಿದುಕೊಂಡು ಕರ್ನಾಟಕಕ್ಕೆ ಕಟ್ಟುತ್ತಾನೆ. ಮೊದಲು ಅದು ವರ್ಷಕ್ಕೆ 250 ರೂಪಾಯಿ ಮೀರಬಾರದು ಎಂದಿತ್ತು. 1988ರ ತಿದ್ದುಪಡಿಯಿಂದ 2,500 ಆಯಿತು. ಹೊಸೂರಿನಲ್ಲಿ ಮಲಗುವುದಕ್ಕೆ ವೃತ್ತಿ ತೆರಿಗೆ ಇಲ್ಲ. ಸಂಬಳದ ಚೀಟಿಯಲ್ಲಿ ಆ ಕಲಮು ಯಾವ ರಾಜ್ಯದ್ದು ಎಂದು ನಾಳೆ ಒಮ್ಮೆ ನೋಡಿಕೊ. ಬೇರೆ ರಾಜ್ಯದ್ದಾಗಿದ್ದರೆ ಚೀಟಿ ತಂದು ತೋರಿಸು, ಕೂತು ಓದೋಣ.